ಓಡುವವನ ಅಂಕಪಟ್ಟಿ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಮೇಡಂ, ಗಣಿತ ಕಲಿಸಿದ ನೀವು ಈಗ ಶನಿವಾರ ರಾತ್ರಿ ನಿದ್ದೆಗೆಟ್ಟು ಅಮೆರಿಕದ ಫುಟ್‌ಬಾಲ್ ನೋಡುತ್ತೀರಂತೆ, ನಿಜವೇ?" ಎಂದು ಕೇಳಿದ. ಸುದ್ದಿ ಅವನವರೆಗೂ ಹೇಗೆ ಹೋಯಿತೋ ತಿಳಿಯದು. ನಿಜವೆಂದು ಒಪ್ಪಿಕೊಂಡೆ. 2023ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಮಗಳ ಮನೆಯಲ್ಲಿದ್ದಾಗ ಹತ್ತಿದ ಹುಚ್ಚು ಇದು. ಅಲ್ಲಿ ಶನಿವಾರ ಬಂತೆಂದರೆ ಊರಿಗೆ ಊರೇ ಕೆಂಪು ಅಂಗಿ ತೊಟ್ಟು ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದತ್ತ ನಡೆಯುತ್ತದೆ. 75 ಸಾವಿರಕ್ಕೂ ಮಿಗಿಲಾದ ಜನ ಸೇರುತ್ತಾರೆ. ನಮ್ಮ ಕಡೆಯ ತೇರು ನೆನಪಾಗದೆ ಇರಲು ಸಾಧ್ಯವೇ?

ಮೊದಮೊದಲು ನನಗೆ ಕಂಡದ್ದು ಗುದ್ದಾಟ ಮಾತ್ರ. ಅಳಿಯಂದಿರು ಮತ್ತು ಮೊಮ್ಮಗ ಇಬ್ಬರೂ ಸೇರಿ ಪಾಠ ಹೇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಆಟದ ಒಳಗು ತೆರೆದುಕೊಂಡಿತು. ಇಂದು ಬರೆಯಹೊರಟಿರುವುದು ಆ ಆಟದ ಒಂದೇ ಒಂದು ಸ್ಥಾನವನ್ನು ಕುರಿತು. ಅದು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ರನ್ನಿಂಗ್ ಬ್ಯಾಕ್ ಎಂಬುವವನ ಸ್ಥಾನ. ಕಾಲೇಜಿನಲ್ಲಿ ಆಡುವ ಅಂಥ ಹುಡುಗನನ್ನು ಅಳೆಯುವುದು ಹೇಗೆ ಎಂಬ ವಿಷಯದಲ್ಲಿ ಅಲ್ಲಿನವರು ಹೆಚ್ಚಾಗಿ ಮಾಡುವ ತಪ್ಪು, ಮೂರೂವರೆ ದಶಕ ಉತ್ತರಪತ್ರಿಕೆ ತಿದ್ದಿದ ನನಗೆ ಬಹಳ ಪರಿಚಿತವಾದ ತಪ್ಪು. ಆದ್ದರಿಂದಲೇ ಬರೆಯುವ ಧೈರ್ಯ ಬಂದಿದೆ.

ಆಟ ನೋಡದವರಿಗಾಗಿ ನಾಲ್ಕು ಮಾತು. ಹೆಸರಿಗೆ ಕಾಲ್ಚೆಂಡು, ಆದರೆ ಚೆಂಡಿಗೆ ಕಾಲು ತಾಗುವುದೇ ಅಪರೂಪ. 100 ಗಜ ಉದ್ದದ ಅಂಗಳ, ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಮುಂದೆ ಹೋಗಲು ಎರಡು ದಾರಿಗಳಿವೆ: ಚೆಂಡನ್ನು ಎಸೆಯಬೇಕು, ಇಲ್ಲವೇ ಹೊತ್ತು ಓಡಬೇಕು. ಓಡುವವನ ಮುಂದೆ ಐವರು ದೈತ್ಯರು ಸಾಲಾಗಿ ನಿಂತಿರುತ್ತಾರೆ. ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಡುವುದು ಇವರ ಕೆಲಸ. ಇವರ ಹೆಸರು ಪತ್ರಿಕೆಯ ತಲೆಬರಹದಲ್ಲಿ ಬರುವುದು ಅಪೂರ್ವ. ಓಡಿದವನ ಗಜಗಳು ಮಾತ್ರ ಅಚ್ಚಾಗುತ್ತವೆ.

ಗಜಗಳ ಲೆಕ್ಕವಂತೂ ಅಲ್ಲಿ ಒಂದು ಶಾಸ್ತ್ರವೇ ಆಗಿದೆ. 1988ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರಿ ಸ್ಯಾಂಡರ್ಸ್ ಒಂದೇ ಋತುವಿನಲ್ಲಿ 2,628 ಗಜ ಓಡಿದ. ಆ ದಾಖಲೆ ಇನ್ನೂ ಅಳಿದಿಲ್ಲ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ 2,601 ಗಜ ಓಡಿ ಅದರ ಹೊಸ್ತಿಲಲ್ಲಿ ನಿಂತ. ಇಪ್ಪತ್ತೇಳೇ ಗಜದ ಅಂತರ ಎಂದು ಎಲ್ಲರೂ ಹೌಹಾರಿದರು. ಆದರೆ ಸ್ಯಾಂಡರ್ಸ್ ಓಡಿದ್ದು 11 ಪಂದ್ಯಗಳಲ್ಲಿ, ಜೆಂಟಿ 14ರಲ್ಲಿ. ಭಾಗಿಸಿ ನೋಡಿ: ಒಬ್ಬನದು ಪಂದ್ಯಕ್ಕೆ ಸುಮಾರು 239, ಇನ್ನೊಬ್ಬನದು ಸುಮಾರು 186. ಅಷ್ಟೇ ಅಲ್ಲ, ಸ್ಯಾಂಡರ್ಸ್ ಆ ವರ್ಷದ ಕೊನೆಯ ಬೌಲ್ ಪಂದ್ಯದಲ್ಲಿ ಓಡಿದ 222 ಗಜ ಲೆಕ್ಕಕ್ಕೇ ಸೇರಿಲ್ಲ. ಬೌಲ್ ಪಂದ್ಯಗಳ ಅಂಕಿಗಳನ್ನು ಅಧಿಕೃತ ಪಟ್ಟಿಗೆ ಸೇರಿಸಲು ಆರಂಭಿಸಿದ್ದು 2002ರಿಂದ ಈಚೆಗೆ.

ಮ್ಯಾಡಿಸನ್ನಿನವರಿಗೆ ಇದೇ ನಿಯಮದ ಮೇಲೆ ಹಳೆಯ ಸಿಟ್ಟಿದೆ. ಅವರ ರಾನ್ ಡೇನ್ ಎಂಬ ಭೀಮಕಾಯ 1996ರಿಂದ 1999ರವರೆಗೆ ಬೌಲ್ ಪಂದ್ಯಗಳೂ ಸೇರಿ 7,125 ಗಜ ಓಡಿದ. ಅಧಿಕೃತವಾಗಿ ಉಳಿದದ್ದು 6,397. 2016ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್‌ನ ಡಾನೆಲ್ ಪಂಫ್ರಿ ಬೌಲ್ ಪಂದ್ಯಗಳನ್ನೂ ಸೇರಿಸಿಕೊಂಡು 6,405 ಗಜದೊಂದಿಗೆ ಮೊದಲ ಸ್ಥಾನಕ್ಕೆ ಬಂದ. ಅಳಿಯಂದಿರು ಈ ಮಾತು ಬಂದಾಗಲೆಲ್ಲ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನಾನು ಅವರಿಗೆ ಹೇಳಿದ್ದು ಇಷ್ಟು: ಲೆಕ್ಕವನ್ನು ಸರಿಪಡಿಸಿದರೂ ಅದು ಓಡಿದವನ ಲೆಕ್ಕವಾಗುವುದಿಲ್ಲ, ಆರು ಜನರ ಒಟ್ಟು ಲೆಕ್ಕವಾಗುತ್ತದೆ, ಅಷ್ಟೆ. ಆ ಆರರಲ್ಲಿ ಒಬ್ಬನ ಪಾಲನ್ನು ಬೇರ್ಪಡಿಸುವುದು ಹೇಗೆ?

ಇಲ್ಲಿ ನನ್ನದೊಂದು ಹಳೆಯ ಕಥೆ ಹೇಳದೆ ಮುಂದೆ ಹೋಗಲಾರೆ. ನಿಮ್ಮಲ್ಲಿ ಕೆಲವರು ಮಲೆನಾಡಿನ ಅಂಚಿನ ಆ ಪುಟ್ಟ ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿದವರು. ಅಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿ ಗಣಿತದ ಫಲಿತಾಂಶ ನೂರಕ್ಕೆ ತೊಂಬತ್ತರ ಕೆಳಗೆ ಇಳಿದದ್ದು ನೆನಪಿಲ್ಲ. ಒಮ್ಮೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನವನ್ನೂ ಮಾಡಿದರು. ಬಳಿಕ ಪಟ್ಟಣದ ದೊಡ್ಡ ಶಾಲೆಯೊಂದಕ್ಕೆ ವರ್ಗವಾಯಿತು. ಅದೇ ನಾನು, ಅದೇ ಪಾಠಟಿಪ್ಪಣಿ, ಅದೇ ಸೀಮೆಸುಣ್ಣ. ಎರಡನೆಯ ವರ್ಷ ಫಲಿತಾಂಶ ಐವತ್ತನ್ನೂ ಮುಟ್ಟಲಿಲ್ಲ. ಕಾರಣ ಕೇಳಿ ನೋಟಿಸು ಬಂತು. ರಾತ್ರಿಯೆಲ್ಲ ಕುಳಿತು ನಾಲ್ಕು ಪುಟದ ಉತ್ತರ ಬರೆದೆ: ಮಕ್ಕಳು ಹತ್ತಾರು ಶಾಲೆಗಳಿಂದ ಬಂದವರು, ಭಿನ್ನರಾಶಿಯೇ ಗೊತ್ತಿಲ್ಲ, ತರಗತಿಯಲ್ಲಿ ಎಪ್ಪತ್ತು ಜನ, ಹೀಗೆ. ಬರೆಯುತ್ತ ಬರೆಯುತ್ತ ಒಂದು ಕಡೆ ಲೇಖನಿ ನಿಂತುಬಿಟ್ಟಿತು. ಹಳ್ಳಿಯ ಆ ಮಕ್ಕಳಿಗೆ ಭಿನ್ನರಾಶಿ ಗೊತ್ತಿದ್ದದ್ದು ಯಾರಿಂದ? ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಿಂದ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸಿಯೇ ಅವರು ಏಳನೆಯ ತರಗತಿಯಿಂದ ಮಕ್ಕಳನ್ನು ಹೊರಗೆ ಬಿಡುತ್ತಿದ್ದರು. ನನ್ನ ಮುಂದಿನ ದಾರಿಯನ್ನು ಅವರು ಮೊದಲೇ ತೆರವು ಮಾಡಿಟ್ಟಿದ್ದರು. ನಾನು ಓಡಿದೆ, ಶಾಲು ನನಗೆ ಬಂತು. ಶಾಲನ್ನು ಪ್ರಶ್ನಿಸದೆ ಹೊದ್ದುಕೊಂಡವಳು ನೋಟಿಸನ್ನು ಮಾತ್ರ ಪ್ರಶ್ನಿಸಿದ್ದೆ.

ಇರಲಿ, ಮತ್ತೆ ಅಂಗಳಕ್ಕೆ ಬರೋಣ.

ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಡೆನ್ವರ್ ತಂಡದ ಕಥೆಯೊಂದಿದೆ. 1995ರಲ್ಲಿ ಅವರು ಜಾರ್ಜಿಯಾ ವಿಶ್ವವಿದ್ಯಾಲಯದ ಟೆರೆಲ್ ಡೇವಿಸ್‌ನನ್ನು ಆರಿಸಿಕೊಂಡದ್ದು ಆರನೆಯ ಸುತ್ತಿನಲ್ಲಿ, 196ನೆಯವನಾಗಿ. ಅಂದರೆ ಅಷ್ಟು ತಂಡಗಳೂ ಅವನನ್ನು ಮತ್ತೆ ಮತ್ತೆ ಬಿಟ್ಟು ಮುಂದೆ ಹೋಗಿದ್ದವು. 1998ರಲ್ಲಿ ಅವನೇ 2,008 ಗಜ ಓಡಿದ. 1999ರಲ್ಲಿ ಅವನ ಮೊಣಕಾಲು ಮುರುಟಿತು. ಬದಲಿಗೆ ಬಂದ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದ. ಮರುವರ್ಷ ಮೈಕ್ ಆ್ಯಂಡರ್ಸನ್ ಎಂಬ ಮಾಜಿ ಸೈನಿಕ, ಅವನೂ ಆರನೆಯ ಸುತ್ತಿನವನೇ, 1,487 ಗಜ ಓಡಿದ. ಓಟಗಾರರು ಬದಲಾದರು, ಲೈನ್‌ಮನ್‌ಗಳಿಗೆ ಪಾಠ ಹೇಳುತ್ತಿದ್ದ ಅಲೆಕ್ಸ್ ಗಿಬ್ಸ್ ಬದಲಾಗಲಿಲ್ಲ. "ಹಾಗಾದರೆ ಡೇವಿಸ್ ದೊಡ್ಡವನಲ್ಲವೇ ಅತ್ತೆ?" ಎಂದು ಅಳಿಯಂದಿರು ಕೆಣಕಿದರು. ದೊಡ್ಡವನೇ. ಅದೇ ಗುರುವಿನ ಸಾಲಿನ ಹಿಂದೆ ಉಳಿದವರು ಸಾವಿರ ದಾಟಿದರೆ ಅವನು ಎರಡು ಸಾವಿರ ದಾಟಿದ. 2017ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಗೌರವವೂ ಸಂದಿತು. ಒಬ್ಬನ ಪಾಲನ್ನು ತಿಳಿಯುವ ಒಂದು ಒಳ್ಳೆಯ ದಾರಿ ಇದೇ: ಅದೇ ಸಾಲಿನ ಹಿಂದೆ ಬೇರೆಯವರು ಎಷ್ಟು ಓಡಿದರು ಎಂದು ನೋಡುವುದು. ಇನ್ನೊಂದು ದಾರಿ, ಮೊದಲ ಎದುರಾಳಿಯ ಕೈ ತಗಲುವ ಮುನ್ನ ಸಿಕ್ಕ ಗಜಗಳನ್ನೂ ತಗಲಿದ ಮೇಲೆ ಸಂಪಾದಿಸಿದ ಗಜಗಳನ್ನೂ ಬೇರೆ ಬೇರೆ ಬರೆಯುವುದು. ಮೊದಲನೆಯದು ಬಹುಮಟ್ಟಿಗೆ ಸಾಲಿನ ಗಳಿಕೆ, ಎರಡನೆಯದು ಹುಡುಗನ ಗಳಿಕೆ. ಜೆಂಟಿಯ ಬಗ್ಗೆ ನನಗೆ ಗೌರವವಿರುವುದು ಇದಕ್ಕೇ. ಅವನ ಗಜಗಳಲ್ಲಿ ಬಹುಭಾಗ ಎದುರಾಳಿಯ ಕೈ ಮೈಗೆ ತಗಲಿದ ಬಳಿಕ ಬಂದವು.

ಇನ್ನು ಯೋಜನೆಯ ಮಾತು. ಅಲ್ಲಿನವರು ಸ್ಕೀಮ್ ಎನ್ನುತ್ತಾರೆ. ಓಟದ ಯೋಜನೆಗಳಲ್ಲಿ ಮುಖ್ಯವಾಗಿ ಎರಡು ಮನೆತನಗಳಿವೆ.

ಒಂದು ಗ್ಯಾಪ್ ಅಥವಾ ಪವರ್. ಯಾವ ಸಂದಿಯಲ್ಲಿ ಓಡಬೇಕೆಂಬುದು ಮೊದಲೇ ನಿಶ್ಚಿತ. ಆ ಬದಿಯ ಲೈನ್‌ಮನ್‌ಗಳು ತಮ್ಮ ಎದುರಿನವರನ್ನು ಒಳಕ್ಕೆ ಒತ್ತುತ್ತಾರೆ. ಆಚೆ ಬದಿಯ ಗಾರ್ಡ್ ತನ್ನ ಜಾಗ ಬಿಟ್ಟು ಸಾಲಿನ ಹಿಂದಿನಿಂದ ಸುತ್ತಿಕೊಂಡು ಬಂದು ಆ ಸಂದಿಯೊಳಗೆ ನುಗ್ಗುತ್ತಾನೆ. ಓಡುವವನು ಅವನ ಬೆನ್ನು ಬಿಡಬಾರದು. ದಸರಾ ಮೆರವಣಿಗೆಯಲ್ಲಿ ಆನೆಯ ಹಿಂದೆ ನಡೆದ ಹಾಗೆ. ಆನೆ ಹೋದ ಮೇಲೆ ದಾರಿ ಇದ್ದೇ ಇರುತ್ತದೆ, ಆದರೆ ಅದು ಮುಚ್ಚುವ ಮುನ್ನ ದಾಟಬೇಕು. ಇದಕ್ಕೆ ಮೈತೂಕ ಬೇಕು, ಅಂಜದ ಭುಜ ಬೇಕು, ಹೇಳಿದ ಕಡೆಗೆ ಹೋಗುವ ಶಿಸ್ತು ಬೇಕು.

ಇನ್ನೊಂದು ಝೋನ್. ಇಲ್ಲಿ ಐವರೂ ಒಂದೇ ದಿಕ್ಕಿಗೆ ಒಟ್ಟಾಗಿ ಹೆಜ್ಜೆ ಇಟ್ಟು, ತಮ್ಮ ಪಾಲಿನ ಜಾಗಕ್ಕೆ ಯಾರು ಬಂದರೂ ತಡೆಯುತ್ತಾರೆ. ಸಂದಿ ಎಲ್ಲಿ ತೆರೆಯುವುದೆಂದು ಯಾರಿಗೂ ಮೊದಲೇ ತಿಳಿಯದು. ಓಡುವವನು ಸಾಲಿನ ಪಕ್ಕದಲ್ಲಿ ನೋಡುತ್ತ ನೋಡುತ್ತ ಸಾಗಿ, ತೆರೆದ ಕ್ಷಣದಲ್ಲಿ ಒಂದೇ ಕಾಲನ್ನು ಊರಿ ತಿರುಗಿ ನುಗ್ಗಬೇಕು. ಎರಡು ಬಾರಿ ತಿರುಗುವವನು ಕೆಟ್ಟ. ಜಾತ್ರೆಯ ಗುಂಪಿನಲ್ಲಿ ಹೂಬುಟ್ಟಿ ಹೊತ್ತ ಹೆಂಗಸು ಯಾರನ್ನೂ ತಳ್ಳದೆ ಗರ್ಭಗುಡಿಯ ತನಕ ಹೋಗಿಬಿಡುತ್ತಾಳಲ್ಲ, ಆ ವಿದ್ಯೆ ಇದು. ಇದಕ್ಕೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ.

ಇವೆರಡರ ಮೇಲೆ ಈಗ ಸ್ಪ್ರೆಡ್ ಎಂಬ ಹರಡಿದ ಆಟ ಬಂದು ಕುಳಿತಿದೆ. ಚೆಂಡು ಹಿಡಿಯುವವರನ್ನು ಅಂಗಳದ ಅಗಲಕ್ಕೂ ಹರಡಿದರೆ ಎದುರಾಳಿಗಳೂ ಅವರ ಹಿಂದೆ ಹರಡಲೇಬೇಕು. ನಡುವೆ ಜನ ಕಡಿಮೆ, ಓಡುವವನಿಗೆ ದಾರಿ ಸಲೀಸು. ಆರು ಜನ ಕಾಯುವ ನಡುವಿನಲ್ಲಿ ಸಿಕ್ಕ ಐದು ಗಜವೂ ಎಂಟು ಜನ ಕಾಯುವಲ್ಲಿ ಸಿಕ್ಕ ಐದು ಗಜವೂ ಪಟ್ಟಿಯಲ್ಲಿ ಒಂದೇ. ಸುಲಭ ಪ್ರಶ್ನೆಪತ್ರಿಕೆಯ ಎಂಬತ್ತೂ ಕಠಿಣ ಪ್ರಶ್ನೆಪತ್ರಿಕೆಯ ಎಂಬತ್ತೂ ಅಂಕಪಟ್ಟಿಯಲ್ಲಿ ಒಂದೇ ಆಗಿ ಕಾಣುವ ಹಾಗೆ. ಇಂಥ ಆಟದಲ್ಲಿ ಓಡುವವನಿಗೆ ಚೆಂಡು ಹಿಡಿಯಲೂ ಬರಬೇಕು. ಚೆಂಡು ಎಸೆಯುವವನ ಮೇಲೆ ಎರಗುವವರನ್ನು ಗುರುತಿಸಿ ಅಡ್ಡ ನಿಲ್ಲಲೂ ಬರಬೇಕು. ಈ ಕೊನೆಯ ಕೆಲಸಕ್ಕೆ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಆದರೆ ಹುಡುಗರು ಬೆಂಚಿನ ಮೇಲೆ ಕೂರುವುದು ಹೆಚ್ಚಾಗಿ ಈ ಕೆಲಸ ಬಾರದೆಯೇ.

ಯೋಜನೆ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಿಮಾರ್ಕೋ ಮರ‍್ರೇಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಕಲಿತವನು. 2014ರಲ್ಲಿ ಡಲ್ಲಾಸ್ ತಂಡಕ್ಕಾಗಿ 1,845 ಗಜ ಓಡಿ ಇಡೀ ಲೀಗಿಗೆ ಮೊದಲಿಗನಾದ. ಸರಾಸರಿ 4.7 ಗಜ. ಅಲ್ಲಿ ಅವನು ಎಸೆಯುವವನ ಹಿಂದೆ ದೂರದಲ್ಲಿ ನಿಂತು, ವೇಗ ಕೂಡಿಸಿಕೊಂಡು ನೇರ ಮುಂದಕ್ಕೆ ಬರುತ್ತಿದ್ದ. ಮುಂದಿನ ಸಾಲಿನಲ್ಲಿ ಮೂವರು ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿದ್ದರು. ಅವರಲ್ಲಿ ಸೆಂಟರ್ ಟ್ರಾವಿಸ್ ಫ್ರೆಡರಿಕ್ ಈ ವಿಸ್ಕಾನ್ಸಿನ್ನಿನ ಹುಡುಗನೇ. ಮರುವರ್ಷ ಹೆಚ್ಚಿನ ಹಣಕ್ಕೆ ಫಿಲಡೆಲ್ಫಿಯಾಕ್ಕೆ ಹೋದ. ಅಲ್ಲಿ ಎಸೆಯುವವನ ಪಕ್ಕದಲ್ಲೇ ನಿಂತು, ನಿಂತಲ್ಲಿಂದ ಅಡ್ಡಡ್ಡ ಓಡಬೇಕಿತ್ತು. ಗಳಿಸಿದ್ದು 702 ಗಜ, ಸರಾಸರಿ 3.6. ಮುಗಿದುಹೋದ ಎಂದರು. ಮತ್ತೆ ಮರುವರ್ಷ ಟೆನೆಸ್ಸೀ ತಂಡಕ್ಕೆ ಹೋಗಿ 1,287 ಗಜ ಓಡಿದ. ಅಂಗಿ ಬದಲಾಯಿತು, ನಿಲ್ಲುವ ಜಾಗ ಬದಲಾಯಿತು, ಕಾಲುಗಳು ಅವೇ. ಈ ಮೂರು ಸಂಖ್ಯೆಗಳನ್ನು ನೋಡಿದಾಗ ನನಗೆ ನನ್ನ ಶಾಲೂ ನೋಟಿಸೂ ಕಣ್ಣ ಮುಂದೆ ಬಂದವು.

ಇದನ್ನೇ ನಾನು ಮ್ಯಾಡಿಸನ್ನಿನಲ್ಲಿ ಕಣ್ಣಾರೆ ನೋಡಿದೆ ಎನ್ನಬಹುದು. ವಿಸ್ಕಾನ್ಸಿನ್ ಎಂದರೆ ದಶಕಗಳಿಂದ ಭಾರಿ ಲೈನ್‌ಮನ್‌ಗಳು, ಅವರ ಹಿಂದೆ ಓಡುವ ಬ್ಯಾಕ್‌ಗಳು. ಡೇನ್ ಆದ ಮೇಲೆ ಮೆಲ್ವಿನ್ ಗಾರ್ಡನ್ ಬಂದ. 2014ರ ನವೆಂಬರ್‌ನಲ್ಲಿ ನೆಬ್ರಾಸ್ಕದ ಮೇಲೆ ಮೂರೇ ಪಾದಗಳಲ್ಲಿ 408 ಗಜ ಓಡಿದವನು. ಆ ದಾಖಲೆ ಒಂದು ವಾರವೂ ಪೂರ್ತಿ ಬಾಳಲಿಲ್ಲವೆನ್ನಿ. ಮುಂದಿನ ಶನಿವಾರವೇ ಒಕ್ಲಹೋಮದ ಸಮಾಜೆ ಪೆರೈನ್ 427 ಗಜ ಓಡಿದ. ಇಂಥ ಊರಿಗೆ 2023ರಲ್ಲಿ ಲೂಕ್ ಫಿಕೆಲ್ ಎಂಬ ಹೊಸ ತರಬೇತುದಾರರು ಬಂದು, ಫಿಲ್ ಲಾಂಗೋ ಎಂಬವರ ಕೈಗೆ ಆಕ್ರಮಣದ ಹೊಣೆ ಕೊಟ್ಟರು. ಲಾಂಗೋ ಚೆಂಡು ಎಸೆಯುವ ಏರ್ ರೇಡ್ ಪರಂಪರೆಯವರು. ಆಗ ತಂಡದಲ್ಲಿದ್ದ ಬ್ರೇಲನ್ ಆ್ಯಲನ್ ಆನೆಯ ಹಿಂದೆ ನಡೆಯಲೆಂದೇ ಹುಟ್ಟಿದಂತಿದ್ದ ದೈತ್ಯ. ಹದಿನೇಳನೆಯ ವಯಸ್ಸಿಗೇ ಕಾಲೇಜು ತಂಡಕ್ಕೆ ಬಂದು 2021ರಲ್ಲಿ 1,268 ಗಜ, 2022ರಲ್ಲಿ 1,242 ಗಜ ಓಡಿದ್ದವನು. ಹೊಸ ಯೋಜನೆಯ ಮೊದಲ ಪಂದ್ಯದಲ್ಲಿ ಅವನೂ ಅವನ ಜೊತೆಗಾರನೂ ನೂರು ನೂರು ಗಜ ದಾಟಿದರು. ಮನೆಯಲ್ಲಿ ಹಬ್ಬ. ಮರುವಾರ ವಾಷಿಂಗ್ಟನ್ ಸ್ಟೇಟ್ ಎದುರು ತಂಡ ಹಿಂದೆ ಬಿತ್ತು. ಎಸೆತದ ಮೇಲೆ ಎಸೆತ. ಆ್ಯಲನ್ ಕೈಗೆ ಚೆಂಡು ಬಂದದ್ದು ಬೆರಳೆಣಿಕೆಯಷ್ಟು ಸಲ. ಮೊಮ್ಮಗ ದೂರದರ್ಶನದ ಮುಂದೆ, "ಅವನಿಗೆ ಕೊಡಿ, ಅವನಿಗೆ ಕೊಡಿ" ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದ.

ಆ ವರ್ಷದ ಕೊನೆಗೆ ಆ್ಯಲನ್ ಗಳಿಕೆ 984 ಗಜ. ಯೋಜನೆ ಅವನನ್ನು ಕೆಡಿಸಿತು ಎಂದು ಅಳಿಯಂದಿರ ತೀರ್ಪು. ಗಣಿತದವಳಾಗಿ ನಾನು ಅಷ್ಟು ಬೇಗ ಒಪ್ಪಲಾರೆ. ಅವನ ಸರಾಸರಿ ಹಿಂದಿನ ವರ್ಷವೂ 5.4, ಈ ವರ್ಷವೂ 5.4. ಕಡಿಮೆಯಾದದ್ದು ಅವಕಾಶ: 230 ಓಟಗಳಿದ್ದದ್ದು 181ಕ್ಕೆ ಇಳಿಯಿತು. ಅದರಲ್ಲಿ ಸ್ವಲ್ಪ ಪಾಲು ಗಾಯದ್ದು. ಇನ್ನೊಂದು ಕಡೆ, ಚೆಂಡು ಹಿಡಿಯುವುದನ್ನು ಅವನು ಆ ವರ್ಷ ಹೆಚ್ಚು ಕಲಿತ. ಆದರೂ ನನ್ನ ಅಭಿಪ್ರಾಯ ಲಾಂಗೋ ಅವರ ಪರವಾಗಿಲ್ಲ. ಇಂಥ ಹುಡುಗ ಕೈಯಲ್ಲಿರುವಾಗ ತಂಡ ಹಿಂದೆ ಬಿದ್ದ ಕೂಡಲೇ ಅವನನ್ನು ಮರೆಯುವ ಯೋಜನೆ, ಎಷ್ಟೇ ಜಾಣತನದ್ದಾಗಿರಲಿ, ಆ ತರಗತಿಗೆ ಹೊಂದಿದ ಪಾಠವಲ್ಲ. 2024ರ ಏಪ್ರಿಲ್‌ನಲ್ಲಿ ಆ್ಯಲನ್ ನಾಲ್ಕನೆಯ ಸುತ್ತಿನಲ್ಲಿ ನ್ಯೂಯಾರ್ಕ್ ಜೆಟ್ಸ್ ಪಾಲಾದ. ಲಾಂಗೋ ಅವರನ್ನು ಅದೇ ನವೆಂಬರ್‌ನಲ್ಲಿ ಕೈಬಿಟ್ಟರು. ಆ ವರ್ಷ ತಂಡ 5 ಗೆದ್ದು 7 ಸೋತು, ಎರಡು ದಶಕಗಳಿಗೂ ಮೇಲ್ಪಟ್ಟು ತಪ್ಪದೆ ನಡೆದುಬಂದಿದ್ದ ಬೌಲ್ ಪಂದ್ಯವನ್ನೂ ಕಳೆದುಕೊಂಡಿತು.

ಹಾಗೆಂದು ಹೊಂದಾಣಿಕೆಯ ಮಾತನ್ನೇ ವೇದವಾಕ್ಯ ಮಾಡಿಕೊಂಡವರನ್ನು ಕಂಡರೂ ನನಗೆ ಭಯ. ಮೊದಲು ಗಜಗಳನ್ನು ಎಣಿಸಿ ತಪ್ಪು ಮಾಡುತ್ತಿದ್ದವರು ಈಗ ಹಣೆಗೆ ಚೀಟಿ ಅಂಟಿಸಿ ತಪ್ಪು ಮಾಡುತ್ತಾರೆ. ಇವನು ಪವರ್‌ನವನು, ಇವನು ಝೋನ್‌ನವನು, ಇವನು ಮೂರನೆಯ ಅವಕಾಶಕ್ಕೆ ಮಾತ್ರ. ಅಲಬಾಮದ ಡೆರಿಕ್ ಹೆನ್ರಿ 2015ರಲ್ಲಿ 2,219 ಗಜ ಓಡಿ, ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್‌ಮನ್ ಪದಕ ಪಡೆದ. ಆರಡಿ ಮೂರಿಂಚು ಎತ್ತರ, 247 ಪೌಂಡ್ ತೂಕ. ಇಷ್ಟು ದೊಡ್ಡವನಿಗೆ ಕಾಲು ಚುರುಕಿಲ್ಲ, ಪಕ್ಕಕ್ಕೆ ಸಾಗಿ ಓಡುವ ಝೋನ್ ಯೋಜನೆ ಇವನಿಗಲ್ಲ ಎಂದು ಹಲವರು ಷರಾ ಬರೆದರು. 45ನೆಯವನಾಗಿ ಟೆನೆಸ್ಸೀ ಸೇರಿದ. ಮೊದಲೆರಡು ವರ್ಷ ಅದೇ ಮರ‍್ರೇಯ ಹಿಂದೆ ಕಾದ. ಆಮೇಲೆ ಆ ತಂಡ ಅವನನ್ನು ಓಡಿಸಿದ್ದು ಮುಖ್ಯವಾಗಿ ಸಾಲನ್ನು ಅಂಚಿನವರೆಗೆ ಹಿಗ್ಗಿಸುವ ಝೋನ್ ಓಟಗಳಲ್ಲಿಯೇ! 2020ರಲ್ಲಿ ಗಳಿಸಿದ್ದು 2,027 ಗಜ. ವಿಸ್ಕಾನ್ಸಿನ್ನಿನ ಜೊನಾಥನ್ ಟೇಲರ್ ಮೂರೇ ವರ್ಷದಲ್ಲಿ 6,174 ಗಜ ಓಡಿದರೂ, ಇಲ್ಲಿಯ ಓಟಗಾರರ ಗಜಗಳೆಲ್ಲ ಲೈನ್‌ಮನ್‌ಗಳ ದಾನ ಎಂಬ ಗುಮಾನಿ ಅವನ ಬೆನ್ನಿಗಿತ್ತು. ಚೆಂಡು ಕೈಜಾರಿಸುವ ಚಾಳಿಯೂ ಇತ್ತೆನ್ನಿ, ಅದು ಸುಳ್ಳಲ್ಲ. 2020ರಲ್ಲಿ 41ನೆಯವನಾಗಿ ಆಯ್ಕೆಯಾದವನು 2021ರಲ್ಲಿ 1,811 ಗಜ ಓಡಿ ಲೀಗಿಗೇ ಮೊದಲಿಗನಾದ. ಡೇನ್ ವೃತ್ತಿಪರ ಆಟದಲ್ಲಿ ಒಂದು ವರ್ಷವೂ ಸಾವಿರ ಗಜ ಮುಟ್ಟಲಿಲ್ಲ ಎಂಬುದು ಟೇಲರ್‌ನ ತಪ್ಪಾಗುವುದು ಹೇಗೆ? ಅಣ್ಣ ನಪಾಸಾದ ಎಂದು ತಮ್ಮನನ್ನು ಹಿಂದಿನ ಬೆಂಚಿಗೆ ಕಳುಹಿಸುವ ಉಪಾಧ್ಯಾಯರನ್ನು ನಾನು ಕಂಡಿದ್ದೇನೆ.

ನಲವತ್ತು ಗಜದ ಓಟದ ಪರೀಕ್ಷೆಯೂ ಇಂಥದ್ದೇ ಒಂದು ಚೀಟಿ. ಗಡಿಯಾರ ಹಿಡಿದು ನೇರ ದಾರಿಯಲ್ಲಿ ಓಡಿಸುತ್ತಾರೆ. ಪಂದ್ಯದಲ್ಲಿ ಅಂಥ ಖಾಲಿ ನಲವತ್ತು ಗಜ ಸಿಗುವುದು ಎಷ್ಟು ಸಲ? ಫ್ಲಾರಿಡಾದ ಎಮಿಟ್ ಸ್ಮಿತ್‌ನನ್ನು ವೇಗ ಸಾಲದು, ಎತ್ತರ ಸಾಲದು ಎಂದರು. ಎನ್‌ಎಫ್‌ಎಲ್‌ನ ಸಾರ್ವಕಾಲಿಕ ದಾಖಲೆ, 18,355 ಗಜ, ಈಗಲೂ ಅವನ ಹೆಸರಿನಲ್ಲಿದೆ. ಇನ್ನು ಸ್ಯಾಂಡರ್ಸ್‌ನಂಥವನು ಯಾವ ಚೀಟಿಗೂ ನಿಲುಕುವವನಲ್ಲ. ಹೇಳಿದ ಸಂದಿಯಲ್ಲಿ ಹೋಗದೆ ಹಿಂದಕ್ಕೂ ಪಕ್ಕಕ್ಕೂ ಸುತ್ತಿ, ಹಲವು ಬಾರಿ ಗಜಗಳನ್ನು ಕಳೆದು, ಒಂದು ಬಾರಿ ಅರುವತ್ತು ಗಜ ಓಡಿಬಿಡುತ್ತಿದ್ದ. ಪ್ರತಿಸಲ ಮೂರು ಗಜ ಬೇಕೆನ್ನುವ ತರಬೇತುದಾರನಿಗೆ ಅವನು ಹೊಂದುವುದೇ ಇಲ್ಲ. ಕಾಲೇಜಿನಲ್ಲಿ ಮೊದಲೆರಡು ವರ್ಷ ಅವನು ಥರ್ಮನ್ ಥಾಮಸ್‌ನ ಹಿಂದೆ ಬದಲಿ ಆಟಗಾರನಾಗಿ ನಿಂತಿದ್ದ ಎಂಬುದನ್ನೂ ನೆನೆಯಬೇಕು.

ಹಾಗಾದರೆ ನನ್ನ ವಾದವೇನು? ಹುಡುಗ ಯೋಜನೆಗೆ ಹೊಂದುತ್ತಾನೆಯೇ ಎಂದು ಕೇಳುವವರು ಯೋಜನೆ ಹುಡುಗನಿಗೆ ಹೊಂದುತ್ತದೆಯೇ ಎಂದೂ ಕೇಳಬೇಕು. ಕಾಲೇಜಿನಲ್ಲಂತೂ ಇದನ್ನೇ ಮೊದಲು ಕೇಳಬೇಕು. ವೃತ್ತಿಪರ ತಂಡ ತನಗೆ ಬೇಕಾದವನನ್ನು ಹಣ ಕೊಟ್ಟು ತರುತ್ತದೆ, ಬೇಡವಾದರೆ ಬಿಡುತ್ತದೆ. ಕಾಲೇಜಿನ ಹುಡುಗ ವಿದ್ಯಾರ್ಥಿ. ಹೀಗೆ ಆಡುವ ನೂರು ಹುಡುಗರಲ್ಲಿ ಇಬ್ಬರಿಗೂ ಎನ್‌ಎಫ್‌ಎಲ್ ಬಾಗಿಲು ತೆರೆಯುವುದಿಲ್ಲ. ಉಳಿದವರಿಗೆ ಆ ನಾಲ್ಕು ವರ್ಷವೇ ಆಟದ ಇಡೀ ಆಯುಸ್ಸು.

ಇದು ಆಗದ ಮಾತೇನಲ್ಲ. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡ್ಯಾರೆಲ್ ರಾಯಲ್ ಮುಖ್ಯ ತರಬೇತುದಾರರು. ಅವರ ಬಳಿ ಒಬ್ಬರಿಗಿಂತ ಒಬ್ಬರು ಮಿಗಿಲಾದ ಓಟಗಾರರು: ಕ್ರಿಸ್ ಗಿಲ್ಬರ್ಟ್, ಟೆಡ್ ಕಾಯ್, ಸ್ಟೀವ್ ವೋರ್‌ಸ್ಟರ್. ಯಾರನ್ನು ಕೂರಿಸುವುದು? ಸಹಾಯಕರಾದ ಎಮೊರಿ ಬೆಲ್ಲಾರ್ಡ್ ಯಾರನ್ನೂ ಕೂರಿಸದೆ ಮೂವರನ್ನೂ ಎಸೆಯುವವನ ಹಿಂದೆ ಕವಲುಕೋಲಿನ ಆಕಾರದಲ್ಲಿ ನಿಲ್ಲಿಸುವ ಹೊಸ ವಿನ್ಯಾಸವನ್ನೇ ಕಟ್ಟಿದರು. ಕೋಳಿಯ ಎದೆಮೂಳೆಯನ್ನು ಹೋಲುತ್ತಿದ್ದುದರಿಂದ ವಿಷ್‌ಬೋನ್ ಎಂಬ ಹೆಸರು ಬಂತು. ಮೊದಲ ಪಂದ್ಯ ಸಮ, ಎರಡನೆಯದು ಸೋಲು. ಆಮೇಲೆ ಸತತ 30 ಗೆಲುವು! ಇದ್ದ ಮಕ್ಕಳನ್ನು ನೋಡಿ ಪಾಠ ಕಟ್ಟಿದವರು ಅವರು.

ಅಳಿಯಂದಿರು ಇದನ್ನು ಒಪ್ಪುವುದಿಲ್ಲ. "ಅತ್ತೆ, ಲೈನ್‌ಮನ್‌ಗಳನ್ನು ಒಂದು ಯೋಜನೆಗೆ ತಯಾರು ಮಾಡಲು ಮೂರು ವರ್ಷ ಬೇಕು. ಒಬ್ಬ ಹುಡುಗನಿಗಾಗಿ ಎಲ್ಲವನ್ನೂ ಬದಲಿಸಲಾಗುತ್ತದೆಯೇ?" ಎನ್ನುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ಎಪ್ಪತ್ತು ಮಕ್ಕಳ ತರಗತಿಯಲ್ಲಿ ನಾನೂ ಒಬ್ಬನಿಗಾಗಿ ಪಾಠ ಬದಲಿಸಲಿಲ್ಲ. ಆದರೆ ಇಡೀ ಪುಸ್ತಕ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಅವನಿಗೆಂದು ನಾಲ್ಕೈದು ಓಟಗಳನ್ನು ಸೇರಿಸಬಹುದಲ್ಲ. ಆ್ಯಲನ್‌ನಂಥವನಿದ್ದರೆ ಪಂದ್ಯಕ್ಕೆ ಹತ್ತು ಬಾರಿಯಾದರೂ ಗಾರ್ಡ್‌ನನ್ನು ಸುತ್ತಿಸಿ ಕರೆಸಿ ಅವನ ಹಿಂದೆ ಓಡಿಸಬಹುದು. ಇನ್ನೊಂದು ಬದಲಾವಣೆ ಅಳಿಯಂದಿರಿಗೆ ಬೇಸರ, ನನಗೆ ಸಮಾಧಾನ ತಂದಿದೆ: 2021ರಿಂದ ಹುಡುಗರು ಒಂದು ವರ್ಷ ಸುಮ್ಮನೆ ಕೂರುವ ದಂಡ ತೆರದೆ ಕಾಲೇಜು ಬದಲಿಸಬಹುದು. ಮಿಸಿಸಿಪ್ಪಿಯಲ್ಲಿ ಹೆಸರು ಮಾಡಿದ್ದ ಕ್ವಿನ್‌ಶಾನ್ ಜಡ್ಕಿನ್ಸ್ 2024ರಲ್ಲಿ ಒಹಾಯೋ ಸ್ಟೇಟ್‌ಗೆ ಬಂದು, ಟ್ರವೇಯನ್ ಹೆಂಡರ್ಸನ್ ಜೊತೆ ಓಟವನ್ನು ಹಂಚಿಕೊಂಡ. ಓಟಗಳು ಇಬ್ಬರಿಗೂ ಕಡಿಮೆಯೇ ಬಂದವು, ಮೈ ಸವೆತವೂ ಕಡಿಮೆ. ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಇಬ್ಬರೂ 2025ರ ಎರಡನೆಯ ಸುತ್ತಿನಲ್ಲೇ ಆಯ್ಕೆಯಾದರು. ನಿಷ್ಠೆ ಎಲ್ಲಿ ಹೋಯಿತು ಎಂದು ಅಳಿಯಂದಿರು ಕೇಳುತ್ತಾರೆ. ತರಬೇತುದಾರರು ಹೆಚ್ಚಿನ ಸಂಬಳಕ್ಕೆ ಹೊರಟಾಗ ಈ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲವಲ್ಲ ಎಂದು ನಾನು ಕೇಳಿದೆ. ಅಂದು ಮಗಳು ಮಾತು ಬದಲಿಸಿ ಎಲ್ಲರಿಗೂ ಕಾಫಿ ತಂದಿಟ್ಟಳು.

ಮ್ಯಾಡಿಸನ್ ಬಿಡುವ ಮುನ್ನ ಮೊಮ್ಮಗನಿಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟು ಬಂದೆ. ಪ್ರತಿ ಓಟಕ್ಕೂ ಐದು ಅಂಕಣ: ನಡುವೆ ಕಾಯುತ್ತಿದ್ದವರು ಎಷ್ಟು ಜನ; ಮೊದಲ ಕೈ ತಗಲಿದ್ದು ಎಷ್ಟು ಗಜದಲ್ಲಿ; ಆಮೇಲೆ ಸಿಕ್ಕ ಗಜ ಎಷ್ಟು; ಸಂದಿ ಇದ್ದೂ ಹುಡುಗ ನೋಡದೆ ಹೋದನೇ; ದಾರಿ ಮಾಡಿಕೊಟ್ಟವನ ಅಂಗಿಯ ಸಂಖ್ಯೆ ಏನು. ಕೊನೆಯ ಅಂಕಣ ತುಂಬಲು ಅವನಿಗೆ ಮೊದಲು ಬೇಸರವಿತ್ತು, ಏಕೆಂದರೆ ಚೆಂಡಿನಿಂದ ಕಣ್ಣು ಕೀಳಬೇಕಾಗುತ್ತದೆ. ಈಗ ಆಟದ ಋತುವಿನಲ್ಲಿ ಭಾನುವಾರ ಬೆಳಿಗ್ಗೆ ಪುಟದ ಚಿತ್ರ ತೆಗೆದು ನನಗೆ ಕಳುಹಿಸುತ್ತಾನೆ. ಒಮ್ಮೆ ಒಂದು ದೊಡ್ಡ ಓಟದ ಎದುರು ಕೊನೆಯ ಅಂಕಣದಲ್ಲಿ ಮೂರು ಸಂಖ್ಯೆಗಳನ್ನು ಒತ್ತೊತ್ತಾಗಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿಯೇ, "ಅಜ್ಜಿ, ಇನ್ನೂ ಒಬ್ಬನಿದ್ದ, ಕ್ಯಾಮೆರಾ ತೋರಿಸಲಿಲ್ಲ" ಎಂದು ಗೀಚಿದ್ದ. 'ತೋರಿಸಲಿಲ್ಲ'ದಲ್ಲಿ ಒಂದು ಒತ್ತು ತಪ್ಪಿತ್ತು, ತಿದ್ದಲಿಲ್ಲ.